ಲೆಕ್ಕದ ಪ್ರತಿಗಳೂ ಅವುಗಳ ಆಯುಷ್ಯವೂ

ಕಂಪ್ಯೂಟರಿನಲ್ಲಿ ಬರೆದಿಟ್ಟ ಲೆಕ್ಕಪತ್ರಗಳ ಒಂದು ಪ್ರತಿಯನ್ನು ಬೇರೆಡೆ ತೆಗೆದಿರಿಸಬೇಕೆಂಬ ಮಾತನ್ನು ಇಂದು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನಮ್ಮವರು ನಡೆಸುವ ಹೋಟೆಲುಗಳ ಗಲ್ಲೆಯಲ್ಲಿಯೂ, ನಮ್ಮ ಗುಮಾಸ್ತರು ಕುಳಿತು ದುಡಿಯುವ ಕಚೇರಿಗಳಲ್ಲಿಯೂ ‘ಬ್ಯಾಕಪ್’ ಎಂಬ ಶಬ್ದವು ‘ಬಿಲ್ಲು’ ಎಂಬ ಶಬ್ದದಷ್ಟೇ ರೂಢಿಗೆ ಬಂದಿದೆ. ಆದರೆ ಹಾಗೆ ತೆಗೆದಿರಿಸಿದ ಪ್ರತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು, ಯಾವಾಗ ಅಳಿಸಬೇಕು, ಅದನ್ನು ನಿರ್ಣಯಿಸತಕ್ಕವರು ಯಾರು ಎಂದು ಕೇಳಿದರೆ ಮಾತ್ರ ಉತ್ತರ ಕೊಡುವವರು ವಿರಳ. ಮಾಲಿಕರು ಗುಮಾಸ್ತರ ಮುಖ ನೋಡುತ್ತಾರೆ. ಗುಮಾಸ್ತರು ಕಂಪ್ಯೂಟರು ಜೋಡಿಸಿಕೊಟ್ಟವನ ಕಡೆಗೆ ಬೆರಳು ತೋರಿಸುತ್ತಾರೆ. ಅವನಾದರೋ ಸಾಫ್ಟ್‌ವೇರಿನಲ್ಲಿ ಮೊದಲೇ ತುಂಬಿ ಬಂದಿದ್ದ ಅಂಕೆಯನ್ನು ಹಾಗೆಯೇ ಬಿಟ್ಟು ಹೋಗಿರುತ್ತಾನೆ.

ಆ ಅಂಕೆ ಏಳು ದಿನವಿರಬಹುದು, ಹದಿನಾಲ್ಕಿರಬಹುದು, ಮೂವತ್ತಿರಬಹುದು. ಅದನ್ನು ಇಟ್ಟವನು ನಮ್ಮ ಹೋಟೆಲನ್ನು ಕಂಡವನಲ್ಲ. ನಮ್ಮ ತೆರಿಗೆಯ ಕಾಯಿದೆಯನ್ನು ಓದಿದವನಲ್ಲ. ನಮ್ಮಲ್ಲಿ ದುಡಿಯುವವರ ಸಂಬಳದ ಪುಸ್ತಕವನ್ನು ತೆರೆದವನಲ್ಲ. ದೂರದಲ್ಲೆಲ್ಲೋ ಕುಳಿತು, ಎಲ್ಲರಿಗೂ ಒಂದಿಷ್ಟು ಹೊಂದಿಕೊಂಡೀತೆಂದು ಆತನು ಹಾಕಿದ ಅಂಕೆಯೇ ನಮ್ಮ ಸಂಸ್ಥೆಯ ಜ್ಞಾಪಕಶಕ್ತಿಯ ಎಲ್ಲೆಯಾಗಿಬಿಟ್ಟಿದೆ. ಇದು ತರವಲ್ಲವೆಂಬುದೇ ನಮ್ಮ ವಾದ. ಪ್ರತಿಗಳ ಉಳಿಕೆಯ ಅವಧಿಯನ್ನು, ಎಂದರೆ ಸಾಫ್ಟ್‌ವೇರಿನವರು ‘ರಿಟೆನ್ಷನ್’ ಎಂದು ಕರೆಯುವ ನಿಯಮವನ್ನು, ಯಂತ್ರದ ಪಾಲಿಗೆ ಬಿಡದೆ, ಸಂಸ್ಥೆಯ ಹೊಣೆ ಹೊತ್ತವರೇ ಆಲೋಚಿಸಿ ನಿಶ್ಚಯಿಸಿ, ಕಾಗದದ ಮೇಲೆ ಬರೆದು ಸಹಿ ಹಾಕತಕ್ಕದ್ದು.

ಈ ವಿವೇಚನೆ ನಮಗೆ ಅಪರಿಚಿತವಾದುದೇನಲ್ಲ. ಗಲ್ಲೆಯ ಹಿಂದೆ ಹಲವು ವರ್ಷ ಕುಳಿತು ಆಮೇಲೆ ಲೇಖನಿಯನ್ನು ಹಿಡಿದ ನಾವು ಬಲ್ಲಂತೆ, ಯಾವ ಅಡಿಗೆಮನೆಯಲ್ಲಿಯೂ ಎಲ್ಲ ಪದಾರ್ಥಗಳಿಗೆ ಒಂದೇ ಆಯುಷ್ಯವಿಲ್ಲ. ಚಟ್ನಿ ಅಂದಿನದು ಅಂದಿಗೆ, ಇಡ್ಲಿಯ ಹಿಟ್ಟು ಮರುದಿನಕ್ಕೆ, ಉಪ್ಪಿನಕಾಯಿ ವರ್ಷಕ್ಕೆ. ಸಾಂಬಾರನ್ನು ಭರಣಿಯಲ್ಲಿ ತುಂಬಿಡುವ ಅಡಿಗೆಯವನೂ ಇಲ್ಲ, ಉಪ್ಪಿನಕಾಯಿಯನ್ನು ರಾತ್ರಿ ಚೆಲ್ಲಿಬಿಡುವವನೂ ಇಲ್ಲ. ಬರವಣಿಗೆಯ ವಿಷಯದಲ್ಲಿಯೂ ನಮ್ಮ ಹಿರಿಯರು ಇಂಥದೇ ಭೇದವನ್ನು ಪಾಲಿಸುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಚಿದ ಕಡತದಲ್ಲಿ ವರ್ತಕರು ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ತೀರಿದ ಲೆಕ್ಕವನ್ನು ಅಳಿಸಿ ಅಲ್ಲಿಯೇ ಹೊಸದನ್ನು ಬರೆಯಬಹುದಾಗಿತ್ತು. ಭೂಮಿಯ ದಾನವನ್ನಾದರೋ ಕಲ್ಲಿನಲ್ಲಿ ಇಲ್ಲವೆ ತಾಮ್ರಪಟದಲ್ಲಿ ಕೊರೆಯಿಸಿ, ಸೂರ್ಯಚಂದ್ರರಿರುವವರೆಗೆ ನಡೆಯತಕ್ಕುದೆಂಬ ಅರ್ಥದಲ್ಲಿ ‘ಆಚಂದ್ರಾರ್ಕ’ ಎಂದು ಸೇರಿಸುತ್ತಿದ್ದರು. ಯಾವುದು ಬಳಪದ ಬರಹ, ಯಾವುದು ಕಲ್ಲಿನ ಬರಹ ಎಂಬುದನ್ನು ಅವರು ಬರೆಯುವ ಮೊದಲೇ ನಿಶ್ಚಯಿಸುತ್ತಿದ್ದರು. ಕಂಪ್ಯೂಟರು ಈ ಭೇದವನ್ನು ತಾನಾಗಿ ಅರಿಯದು. ಅದಕ್ಕೆ ನಾವೇ ಹೇಳಿಕೊಡಬೇಕು.

ಹೇಳಿಕೊಡುವ ಮುನ್ನ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ಪ್ರತಿಗಳನ್ನು ನಾವು ಇಡುವುದು ಎರಡು ಉದ್ದೇಶಗಳಿಗಾಗಿ. ಯಂತ್ರ ಕೆಟ್ಟರೆ ನಿನ್ನೆಯವರೆಗಿನ ಕೆಲಸವನ್ನು ಮರಳಿ ಪಡೆಯುವುದು ಒಂದು. ವರ್ಷಗಳ ಹಿಂದೆ ನಡೆದುದನ್ನು ಕೇಳಿದವರ ಮುಂದೆ ರುಜುವಾತುಪಡಿಸುವುದು ಇನ್ನೊಂದು. ಮೊದಲನೆಯದನ್ನು ರಕ್ಷಣೆಯ ಪ್ರತಿಯೆಂದೂ ಎರಡನೆಯದನ್ನು ಸಾಕ್ಷ್ಯದ ಪ್ರತಿಯೆಂದೂ ಕರೆಯೋಣ. ರಕ್ಷಣೆಯ ಪ್ರತಿ ಆದಷ್ಟು ಹೊಸದಾಗಿರಬೇಕು. ಸಾಕ್ಷ್ಯದ ಪ್ರತಿ ಬೇಕಾದಷ್ಟು ಹಳೆಯದಾಗಿರಬೇಕು. ಇವೆರಡಕ್ಕೂ ಒಂದೇ ಅಂಕೆಯನ್ನು ಹಾಕುವುದರಿಂದಲೇ ಹೆಚ್ಚಿನ ಅನರ್ಥಗಳು ಹುಟ್ಟುತ್ತವೆ.

ಡಿಸ್ಕು ಕೆಟ್ಟುಹೋದರೆ ಅಂದೇ ತಿಳಿಯುತ್ತದೆ; ಅದಕ್ಕೆ ಏಳು ದಿನದ ಪ್ರತಿಗಳು ಸಾಕು. ಆದರೆ ಎಲ್ಲ ಕೇಡುಗಳೂ ಅಷ್ಟು ಬೇಗ ಮುಖ ತೋರಿಸುವುದಿಲ್ಲ. ನಮ್ಮ ಹಣಕಾಸಿನ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಲೆಕ್ಕ ಪರಿಶೋಧಕರು ಪುಸ್ತಕಗಳನ್ನು ಕೈಗೆತ್ತಿಕೊಳ್ಳುವಾಗ ಆಗಸ್ಟೋ ಸೆಪ್ಟೆಂಬರೋ ಆಗಿರುತ್ತದೆ. ಹಿಂದಿನ ವರ್ಷದ ಜೂನಿನಲ್ಲಿ ಕೈತಪ್ಪಿ ಅಳಿಸಿಹೋದ ಹಾಲಿನವನ ಖಾತೆಯೊಂದು ಈ ಸೆಪ್ಟೆಂಬರಿನಲ್ಲಿ ಬೇಕಾಯಿತೆಂದರೆ, ಹದಿನೈದು ತಿಂಗಳ ಹಿಂದಿನ ಪ್ರತಿ ಇಲ್ಲದೆ ಅದು ದೊರೆಯದು. ಮೂವತ್ತು ದಿನದ ನಿಯಮವಿದ್ದಲ್ಲಿ ಆ ಖಾತೆ ಕಳೆದ ವರ್ಷದ ಜುಲೈಯಲ್ಲಿಯೇ ಎಲ್ಲ ಪ್ರತಿಗಳಿಂದಲೂ ಮಾಯವಾಗಿರುತ್ತದೆ. ಪ್ರತಿನಿತ್ಯ ತಪ್ಪದೆ ‘ಬ್ಯಾಕಪ್ ಸಫಲವಾಯಿತು’ ಎಂಬ ಸಂದೇಶ ಬರುತ್ತಿತ್ತೆಂಬುದು ಆಗ ಯಾರಿಗೂ ಸಮಾಧಾನ ಕೊಡಲಾರದು.

ಇನ್ನು ಹೊರಗಿನಿಂದ ಬರುವ ಕಳ್ಳರ ವಿಷಯ. ಕಡತಗಳನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುವ ‘ರ‍್ಯಾನ್ಸಮ್‌ವೇರ್’ ಎಂಬ ಪಿಡುಗನ್ನು ವಾಚಕರು ಕೇಳಿರಬಹುದು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಇಂಥ ದಾಳಿಗೆ ತುತ್ತಾದಾಗ ದೇಶದ ಅಗ್ರಗಣ್ಯ ಆಸ್ಪತ್ರೆಯಲ್ಲಿ ರೋಗಿಗಳ ನೋಂದಣಿಯನ್ನು ದಿನಗಟ್ಟಲೆ ಕೈಬರಹದಲ್ಲಿ ನಡೆಸಬೇಕಾಯಿತು. ಈ ಕಳ್ಳರು ಒಳಹೊಕ್ಕ ದಿನವೇ ಬಾಯಿ ತೆರೆಯುವವರಲ್ಲ. ಅನೇಕ ವೇಳೆ ವಾರಗಟ್ಟಲೆ ಸುಮ್ಮನೆ ಅವಿತಿದ್ದು, ಪ್ರತಿಗಳು ಎಲ್ಲಿವೆಯೆಂದು ಹುಡುಕಿ, ಮೊದಲು ಅವುಗಳನ್ನೇ ಅಳಿಸುತ್ತಾರೆ. ಏಳೇ ದಿನದ ಪ್ರತಿಗಳನ್ನು ಇಟ್ಟವನ ಏಳು ಪ್ರತಿಗಳಲ್ಲಿಯೂ ಕಳ್ಳನು ಕುಳಿತಿರುವ ಸಂಭವವುಂಟು.

ಕಾಯಿದೆಯು ಏನು ಹೇಳುತ್ತದೆಂಬುದನ್ನು ಈಗ ನೋಡೋಣ. 2017ರ ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಮೇರೆಗೆ ಲೆಕ್ಕಪತ್ರಗಳನ್ನು 72 ತಿಂಗಳು ಕಾಪಾಡತಕ್ಕದ್ದು. ಇದನ್ನು ಕೇಳಿದೊಡನೆ ಹಲವರು ‘ಆರು ವರ್ಷ’ ಎಂದು ಸಾಫ್ಟ್‌ವೇರಿನಲ್ಲಿ ತುಂಬಿಬಿಡುತ್ತಾರೆ. ಆದರೆ ಈ 72 ತಿಂಗಳ ಎಣಿಕೆ ಮೊದಲಾಗುವುದು ಬಿಲ್ಲಿನ ತಾರೀಖಿನಿಂದಲ್ಲ. ಆ ವರ್ಷದ ವಾರ್ಷಿಕ ರಿಟರ್ನು ಸಲ್ಲಿಸಲು ಗೊತ್ತುಪಡಿಸಿದ ಕೊನೆಯ ದಿನದಿಂದ. 2023–24ರ ಸಾಲಿಗೆ ಆ ದಿನ 2024ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳೆಂದರೆ 2030ರ ಡಿಸೆಂಬರ್ 31. 2023ರ ಏಪ್ರಿಲ್ 1ರಂದು ಬರೆದ ಬಿಲ್ಲನ್ನು ಹೀಗೆ ಏಳು ವರ್ಷ ಒಂಬತ್ತು ತಿಂಗಳು ಕಾಪಾಡಬೇಕಾಗುತ್ತದೆ. ಮೇಲ್ಮನವಿಯೋ ವಿಚಾರಣೆಯೋ ನಡೆಯುತ್ತಿದ್ದರೆ, ಅದು ಇತ್ಯರ್ಥವಾದ ಮೇಲೆ ಒಂದು ವರ್ಷ, ಇಲ್ಲವೆ ಮೇಲಿನ ಅವಧಿ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಸಂಬಂಧಪಟ್ಟ ಪತ್ರಗಳನ್ನು ಮುಟ್ಟುವಂತಿಲ್ಲ. ಕಂಪೆನಿಯಾಗಿ ನೋಂದಣಿ ಹೊಂದಿದ ಸಂಸ್ಥೆಗಳು 2013ರ ಕಂಪೆನಿ ಕಾಯಿದೆಯ 128ನೆಯ ಕಲಮಿನಂತೆ ಎಂಟು ಹಣಕಾಸಿನ ವರ್ಷಗಳ ಪುಸ್ತಕಗಳನ್ನು ಇಡಬೇಕು. ಇಷ್ಟೇ ಅಲ್ಲ, ವಿದ್ಯುನ್ಮಾನ ಲೆಕ್ಕಗಳಿಗೆ ತಕ್ಕ ಬ್ಯಾಕಪ್ ಇರಬೇಕು, ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ಅವು ನಾಶವಾದರೆ ಯುಕ್ತ ಕಾಲದೊಳಗೆ ಮರಳಿ ಪಡೆಯುವಂತಿರಬೇಕು ಎಂದು ಜಿಎಸ್‌ಟಿ ನಿಯಮಗಳ 57ನೆಯ ನಿಯಮವೇ ವಿಧಿಸುತ್ತದೆ. ಬ್ಯಾಕಪ್ ತೆಗೆಯುವುದು ಮಾಲಿಕರ ಮರ್ಜಿಯ ವಿಷಯವಾಗಿ ಉಳಿದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತೆರಿಗೆಯ ಅಧಿಕಾರಿಗಳು ಕೇಳುತ್ತಾರೆಂಬ ಭಯಕ್ಕಾದರೂ ಬಿಲ್ಲುಗಳನ್ನು ಕಾಪಾಡುವವರಿದ್ದಾರೆ. ಆದರೆ ಅಷ್ಟು ಭಯದಿಂದ ಯಾರೂ ಕಾಪಾಡದ ಇನ್ನೊಂದು ದಾಖಲೆಯಿದೆ. ಅದು ದುಡಿಯುವವನ ಸೇವೆಯ ದಾಖಲೆ. ಕುಂದಾಪುರದ ಕಡೆಯಿಂದಲೋ ಕಾರ್ಕಳದ ಕಡೆಯಿಂದಲೋ ಎಳೆಯ ವಯಸ್ಸಿನಲ್ಲಿ ಬಂದು, ಮಾಣಿಯಾಗಿ ಸೇರಿ, ಒಂದೇ ಹೋಟೆಲಿನಲ್ಲಿ ತಲೆ ನರೆಸಿಕೊಂಡು ಊರಿಗೆ ಮರಳುವವರು ನಮ್ಮಲ್ಲಿ ಅಸಂಖ್ಯಾತರು. ಗ್ರಾಚುಯಿಟಿಗೆ ಸಾಮಾನ್ಯವಾಗಿ ಐದು ವರ್ಷಗಳ ಎಡೆಬಿಡದ ಸೇವೆ ಬೇಕು. ಭವಿಷ್ಯನಿಧಿಯ ಜೊತೆಗಿರುವ ಪಿಂಚಣಿಯ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಸೇರಿದ ದಿನ ಯಾವುದು, ನಡುವೆ ಬಿಟ್ಟುಹೋದ ಕಾಲವಿದೆಯೇ, ಕೊನೆಯ ಸಂಬಳ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ಹೋಟೆಲಿನ ಸಂಬಳದ ಪಟ್ಟಿಯಲ್ಲಿ. ಆ ಪಟ್ಟಿ ಹಳೆಯ ಕಂಪ್ಯೂಟರಿನೊಡನೆ ಗುಜರಿಗೆ ಹೋಗಿದ್ದರೆ, ಹೊಸದರಲ್ಲಿ ಕಳೆದ ಮೂವತ್ತು ದಿನದ ಪ್ರತಿಗಳಷ್ಟೇ ಇದ್ದರೆ, ಅವನ ಇಪ್ಪತ್ತೈದು ವರ್ಷಗಳ ಬೆವರಿಗೆ ಸಾಕ್ಷಿ ಹೇಳುವವರಾರು? ಹೆಸರು, ಸೇರಿದ ತಾರೀಖು, ಬಿಟ್ಟ ತಾರೀಖು, ಭವಿಷ್ಯನಿಧಿಯ ಸಂಖ್ಯೆ, ಸಂಬಳ: ಒಬ್ಬನಿಗೆ ವರ್ಷಕ್ಕೆ ಒಂದು ಸಾಲು ಸಾಕು. ಡಿಸ್ಕಿನಲ್ಲಿ ಇದಕ್ಕಿಂತ ಕಡಿಮೆ ಸ್ಥಳ ಹಿಡಿಯುವ ದಾಖಲೆಯಿಲ್ಲ. ಇದಕ್ಕಿಂತ ಹೆಚ್ಚು ಬೆಲೆಯುಳ್ಳ ದಾಖಲೆಯೂ ಇಲ್ಲ. ಹೋಟೆಲಿನಲ್ಲಿ ‘ಆಚಂದ್ರಾರ್ಕ’ ಎಂದು ಬರೆಯತಕ್ಕ ಒಂದು ವಸ್ತುವಿದ್ದರೆ ಅದು ಇದೇ.

ಹಾಗಾದರೆ ಎಲ್ಲವನ್ನೂ ಎಂದೆಂದಿಗೂ ಇಟ್ಟುಬಿಟ್ಟರಾಗದೆ, ಡಿಸ್ಕುಗಳು ಅಗ್ಗವಾಗಿವೆಯಲ್ಲ ಎಂದು ಕೆಲವರು ಕೇಳಬಹುದು. ಆಗದು. ವಸತಿಯ ಹೋಟೆಲುಗಳಲ್ಲಿ ಬಂದಿಳಿದ ಅತಿಥಿಗಳ ಆಧಾರ್ ಚೀಟಿಯ ಪ್ರತಿ, ದೂರವಾಣಿಯ ಸಂಖ್ಯೆ, ಮನೆಯ ವಿಳಾಸಗಳನ್ನು ಪಡೆಯಲಾಗುತ್ತದೆ. ಇವು ನಮ್ಮ ಸ್ವತ್ತಲ್ಲ. ನಂಬಿ ಕೊಟ್ಟ ಒತ್ತೆ. ಕೆಲಸ ತೀರಿದ ಮೇಲೆಯೂ ಇಟ್ಟುಕೊಂಡಷ್ಟು ಕಾಲ ಅವು ಕಳ್ಳರ ಪಾಲಾಗುವ ಅಪಾಯವೂ ಉಳಿದಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಪಡೆದ ಉದ್ದೇಶ ತೀರಿದ ಮೇಲೆ, ಬೇರೆ ಕಾಯಿದೆ ಇಡಬೇಕೆಂದು ಹೇಳದ ಪಕ್ಷದಲ್ಲಿ, ಇಂಥ ವಿವರಗಳನ್ನು ಅಳಿಸತಕ್ಕದ್ದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡಾಗಿದೆ. ಮುಂಗಟ್ಟಿನ ಕಂಪ್ಯೂಟರಿನಿಂದ ಅಳಿಸಿದರೂ ಹಿಂದಣ ಪ್ರತಿಗಳಲ್ಲಿ ಆ ವಿವರ ಉಳಿದಿರುತ್ತದೆಂಬುದನ್ನು ಮರೆಯಬಾರದು. ಆದುದರಿಂದ ಅತಿಥಿಗಳ ಗುರುತಿನ ಪತ್ರಗಳನ್ನೂ ಹೋಟೆಲಿನ ಲೆಕ್ಕಗಳನ್ನೂ ಒಂದೇ ಗಂಟಿನಲ್ಲಿ ಕಟ್ಟದೆ, ಬೇರೆ ಬೇರೆ ಪ್ರತಿಗಳಾಗಿ ತೆಗೆದು, ಬೇರೆ ಬೇರೆ ಅವಧಿಗಳನ್ನು ನೇಮಿಸುವುದು ಯುಕ್ತ.

ನಿಯಮವನ್ನು ಇಡುವ ಕ್ರಮವೇನೂ ಕಠಿಣವಲ್ಲ. ‘ಅಜ್ಜ, ಅಪ್ಪ, ಮಗ’ ಎಂಬ ಹೆಸರಿನ ಹಳೆಯ ಪದ್ಧತಿಯೊಂದು ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ಸಿದ್ಧವಾಗಿಯೇ ಇದೆ. ದಿನದ ಪ್ರತಿ ಮಗ, ವಾರದ ಪ್ರತಿ ಅಪ್ಪ, ತಿಂಗಳ ಪ್ರತಿ ಅಜ್ಜ. ಅದರ ಮೇಲೆ ವರ್ಷದ ಪ್ರತಿಯನ್ನು ಮುತ್ತಜ್ಜನೆನ್ನಬಹುದು. ಸಾಮಾನ್ಯ ಹೋಟೆಲೊಂದಕ್ಕೆ ದಿನದ ಪ್ರತಿ 7, ವಾರದ್ದು 5, ತಿಂಗಳದ್ದು 18, ಲೆಕ್ಕ ಮುಗಿಸಿ ತೆಗೆದ ವರ್ಷದ ಪ್ರತಿ 9, ಒಟ್ಟು 39 ಎಂದು ಇಟ್ಟುಕೊಂಡರೆ ಮೇಲೆ ಹೇಳಿದ ಪರಿಶೋಧನೆಯ ಕಾಲವೂ ಕಾಯಿದೆಯ ಅವಧಿಗಳೂ ಅದರೊಳಗೆ ಅಡಗುತ್ತವೆ. ಲೆಕ್ಕದ ಗಾತ್ರ ಎರಡು ಜಿಬಿ ಎಂದು ಹಿಡಿದರೆ 39 ಪೂರ್ಣ ಪ್ರತಿಗಳಿಗೆ 78 ಜಿಬಿ. ಒಂದು ಟಿಬಿಯ ಡಿಸ್ಕಿನ ಹನ್ನೆರಡರಲ್ಲಿ ಒಂದು ಪಾಲನ್ನೂ ಅದು ತುಂಬಲಾರದು. ಖರ್ಚಿನ ನೆಪ ಇಲ್ಲಿ ನಿಲ್ಲುವುದಿಲ್ಲ.

ಗುಮಾಸ್ತರು ಗಮನಿಸತಕ್ಕ ಸೂಕ್ಷ್ಮಗಳು ಕೆಲವಿವೆ. ‘ಕೊನೆಯ ಏಳು ಪ್ರತಿ’ ಎಂಬ ನಿಯಮವೂ ‘ಕೊನೆಯ ಏಳು ದಿನ’ ಎಂಬ ನಿಯಮವೂ ಒಂದೇ ಅಲ್ಲ. ಪ್ರತಿಗಳನ್ನು ಎಣಿಸುವ ನಿಯಮವಿದ್ದಲ್ಲಿ, ಯಾರಾದರೂ ಅವಸರದಿಂದ ಒಂದೇ ಮಧ್ಯಾಹ್ನ ಏಳು ಸಲ ಗುಂಡಿ ಒತ್ತಿದರೆ ಹಿಂದಿನ ದಿನಗಳ ಪ್ರತಿಗಳೆಲ್ಲ ಹೊರಬೀಳುತ್ತವೆ. ದಿನಗಳನ್ನು ಎಣಿಸುವ ನಿಯಮವಿದ್ದಲ್ಲಿ, ಹೊಸ ಪ್ರತಿ ತೆಗೆಯುವ ಕೆಲಸ ಸದ್ದಿಲ್ಲದೆ ನಿಂತುಹೋಗಿದ್ದರೂ ಹಳೆಯವನ್ನು ಅಳಿಸುವ ಕೆಲಸ ಮುಂದುವರಿದು ಕೊನೆಗೆ ಏನೂ ಉಳಿಯದಿರಬಹುದು. ಕನಿಷ್ಠ ಇಷ್ಟು ಪ್ರತಿ ಸದಾ ಇರಲೇಬೇಕೆಂಬ ಷರತ್ತನ್ನು ಸೇರಿಸಲು ಸಾಫ್ಟ್‌ವೇರಿನಲ್ಲಿ ಅವಕಾಶವಿದ್ದರೆ ಸೇರಿಸಬೇಕು. ಬದಲಾವಣೆಗಳನ್ನಷ್ಟೇ ಬರೆದಿಡುವ ಚಿಕ್ಕ ಪ್ರತಿಗಳು ಮೊದಲಿನ ಪೂರ್ಣ ಪ್ರತಿಯನ್ನು ಆಶ್ರಯಿಸಿರುತ್ತವೆ. ಬುಡದ ಪ್ರತಿಯನ್ನು ಕೈಯಿಂದ ಅಳಿಸಿದರೆ ಮೇಲಿನವು ನಿರುಪಯೋಗಿ. ಮತ್ತು ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುವ ಅಂತರ್ಜಾಲದ ಕಪಾಟುಗಳನ್ನು ಬ್ಯಾಕಪ್ ಎಂದು ಭ್ರಮಿಸಬಾರದು. ಗೂಗಲ್ ಡ್ರೈವಿನ ಕಸದ ಬುಟ್ಟಿಗೆ ಬಿದ್ದುದು 30 ದಿನಗಳ ನಂತರ ತಾನಾಗಿಯೇ ನಾಶವಾಗುತ್ತದೆ.

ಅಳಿಸುವ ನಿಯಮವು ಬೆಂಕಿಯಿದ್ದಂತೆ. ಒಲೆಯಲ್ಲಿರುವಾಗ ಅನ್ನ ಬೇಯಿಸುತ್ತದೆ, ಹೊರಗೆ ಬಿದ್ದರೆ ಮನೆ ಸುಡುತ್ತದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯದ ಮಹಾಗಣಕದಲ್ಲಿ ಹತ್ತು ದಿನಕ್ಕಿಂತ ಹಳೆಯ ಲಾಗ್ ಕಡತಗಳನ್ನು ತೆಗೆದುಹಾಕುವ ಆಜ್ಞೆಯೊಂದು ಬ್ಯಾಕಪ್ಪಿನ ಕ್ರಮವಿಧಿಯೊಳಗೆ ಇತ್ತು. 2021ರ ಡಿಸೆಂಬರಿನಲ್ಲಿ ಆ ಕ್ರಮವಿಧಿ ನಡೆಯುತ್ತಿರುವಾಗಲೇ ಅದನ್ನು ತಿದ್ದಿ ಬದಲಾಯಿಸಿದ ಪರಿಣಾಮವಾಗಿ ಆಜ್ಞೆಯು ದಾರಿ ತಪ್ಪಿ ಸಂಶೋಧಕರ ಸುಮಾರು 77 ಟಿಬಿ ಮೂಲ ದತ್ತಾಂಶವನ್ನೇ ಅಳಿಸಿಹಾಕಿತು. ಅದಕ್ಕೂ ಮುಂಚೆ, 2020ರ ಆಗಸ್ಟಿನಲ್ಲಿ, ಲೆಕ್ಕ ಪರಿಶೋಧನೆಗೆ ಜಗತ್ಪ್ರಸಿದ್ಧವಾದ ಕೆಪಿಎಂಜಿ ಸಂಸ್ಥೆಯಲ್ಲಿ ಒಬ್ಬ ನೌಕರನ ಖಾತೆಯನ್ನು ಉಳಿಕೆಯ ನಿಯಮದಿಂದ ಬಿಡಿಸಹೊರಟ ಕೈ ಇಡೀ ಸಂಸ್ಥೆಗೆ ಆ ಬದಲಾವಣೆಯನ್ನು ಅನ್ವಯಿಸಿದುದರಿಂದ 1,45,000 ಮಂದಿಯ ಸಂಭಾಷಣೆಗಳು ಅಳಿಸಿಹೋದವು. ಅಷ್ಟು ದೊಡ್ಡವರಿಗೇ ಹೀಗಾದ ಮೇಲೆ, ನಮ್ಮ ಗಲ್ಲೆಯ ಹುಡುಗನೊಬ್ಬನು ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಅಂಕೆಗಳನ್ನು ಬದಲಾಯಿಸುವುದು ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಾಗಿಲ್ಲ. ನಿಯಮವನ್ನು ಬದಲಾಯಿಸುವ ಮೊದಲು ಒಂದು ಪೂರ್ಣ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದು ತಂತಿ ಬಿಡಿಸಿಡುವುದು ಕ್ಷೇಮ.

ಪ್ರತಿಯ ಆಯುಷ್ಯವು ಅದು ಇರುವ ಸ್ಥಳವನ್ನೂ ಅವಲಂಬಿಸಿದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನಮ್ಮವರು ಮರೆತಿಲ್ಲ. ಕಂಪ್ಯೂಟರೂ ಅದರ ಒಂಬತ್ತು ವರ್ಷಗಳ ಪ್ರತಿಗಳೂ ಗಲ್ಲೆಯ ಕೆಳಗಿನ ಒಂದೇ ಖಾನೆಯಲ್ಲಿದ್ದರೆ, ಅಂಥ ಒಂದು ದಿನದ ನೀರಿಗೆ ಒಂಬತ್ತು ವರ್ಷವೂ ಒಂದೇ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ಸೂತ್ರ ಇದಕ್ಕಾಗಿಯೇ ಹುಟ್ಟಿದ್ದು. ಹೊರಗಿನ ಪ್ರತಿಯನ್ನು ಗೊತ್ತಾದ ಅವಧಿಯವರೆಗೆ ಯಾರೂ ಅಳಿಸದಂತೆ ಬೀಗ ಹಾಕುವ ಸೌಲಭ್ಯವೂ ಈಗ ದೊರೆಯುತ್ತದೆ; ಕಳ್ಳರ ವಿರುದ್ಧ ಅದು ಬಲವಾದ ಕವಚ. ಆದರೆ ಆಲೋಚಿಸಿಯೇ ಬೀಗ ಹಾಕಬೇಕು. ಒಂದು ತಿಂಗಳೆನ್ನುವಲ್ಲಿ ಹತ್ತು ವರ್ಷವೆಂದು ಒತ್ತಿದರೆ ಹತ್ತು ವರ್ಷವೂ ಬಾಡಿಗೆ ತೆರಬೇಕಾದೀತು.

ಕೊನೆಯದಾಗಿ ಹೊಣೆಯ ಮಾತು. ಇಷ್ಟನ್ನೂ ಗುಮಾಸ್ತರ ತಲೆಗೆ ಕಟ್ಟಿ ಮಾಲಿಕರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಡಿಸ್ಕು ತುಂಬಿತೆಂದು ಹಳೆಯ ಪ್ರತಿಗಳನ್ನು ಅಳಿಸೆಂದು ಬಾಯಿಮಾತಿನಲ್ಲಿ ಹೇಳಿ, ಅಧಿಕಾರಿಗಳು ಬಂದಾಗ ‘ಆತ ಅಳಿಸಿದ’ ಎನ್ನುವವರಿಲ್ಲದಿಲ್ಲ. ಯಾವ ದಾಖಲೆ, ಎಷ್ಟು ಕಾಲ, ಯಾವ ಕಾರಣಕ್ಕೆ, ಅಳಿಸಲು ಅಪ್ಪಣೆ ಯಾರದು ಎಂಬ ನಾಲ್ಕು ಕಲಮುಗಳ ಒಂದು ಹಾಳೆಯನ್ನು ಬರೆದು, ಮಾಲಿಕರ ಸಹಿ ಪಡೆದು, ಗಲ್ಲೆಯ ಗೋಡೆಗೆ ಅಂಟಿಸುವುದು ಇಬ್ಬರಿಗೂ ರಕ್ಷೆ. ಆ ಹಾಳೆಯಿಲ್ಲದೆ ಯಾವ ಗುಮಾಸ್ತನೂ ಒಂದು ಪ್ರತಿಯನ್ನೂ ಅಳಿಸಬಾರದು. ದುಡಿಯುವ ಬಂಧುಗಳೂ ಸುಮ್ಮನಿರಬಾರದು. ಸಂಬಳದ ಚೀಟಿಯನ್ನು ಕೇಳಿ ಪಡೆಯಬೇಕು, ಭವಿಷ್ಯನಿಧಿಯ ಪಾಸ್‌ಬುಕ್ಕನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು, ಕೆಲಸ ಬಿಡುವಾಗ ಸೇವೆಯ ಪ್ರಮಾಣಪತ್ರವಿಲ್ಲದೆ ಊರಿನ ಬಸ್ಸು ಹತ್ತಬಾರದು.

ಆಯುಧಪೂಜೆಯ ದಿನ ಕಂಪ್ಯೂಟರಿಗೂ ಕುಂಕುಮವಿಟ್ಟು ಹೂವೇರಿಸುವ ವಾಡಿಕೆ ನಮ್ಮಲ್ಲಿ ಬಂದಿದೆ, ಒಳ್ಳೆಯದೇ. ಆರತಿಯಾದ ಮೇಲೆ ಮಾಲಿಕರೂ ಗುಮಾಸ್ತರೂ ಹತ್ತು ನಿಮಿಷ ಜೊತೆಯಾಗಿ ಕುಳಿತು, ಮೂರು ವರ್ಷದ ಹಿಂದಿನ ಒಂದು ಬಿಲ್ಲನ್ನೂ ಐದು ವರ್ಷದ ಹಿಂದಿನ ಒಬ್ಬ ಕೆಲಸಗಾರನ ಸಂಬಳದ ಸಾಲನ್ನೂ ಪ್ರತಿಗಳಿಂದ ಹೊರತೆಗೆದು ನೋಡಲಿ. ಬಂದರೆ ಸಂತೋಷ. ಬಾರದಿದ್ದರೆ, ಅದು ಬೇಕಾಗುವ ದಿನಕ್ಕೆ ಮುಂಚೆಯೇ ನಿಯಮವನ್ನು ತಿದ್ದಲು ಇನ್ನೂ ಕಾಲಾವಕಾಶವಿದೆ.